ಪುಟ ಬಿಡುವ ಮುನ್ನ: ಜಿಲ್ಲಾ ಸುದ್ದಿಮನೆಗೆ ಎಐ ನಿಯಮ ಕಟ್ಟುವ ಬಗೆ

2025ರ ನವೆಂಬರ್ 12ರಂದು ಪಾಕಿಸ್ತಾನದ ‘ಡಾನ್’ ಪತ್ರಿಕೆಯಲ್ಲಿ ವಾಹನ ಮಾರಾಟದ ಒಂದು ಸುದ್ದಿ ಬಂತು. ಬೇಕಿದ್ದರೆ ಇದನ್ನೇ ಇನ್ನಷ್ಟು ಚುರುಕಾಗಿ, ಮುಖಪುಟದ ಶೈಲಿಯಲ್ಲಿ ಬರೆದುಕೊಡುತ್ತೇನೆ ಎಂಬ ಅರ್ಥದ ಚಾಟ್‌ಬಾಟ್‌ನ ಮಾತು ಅದರ ಕೊನೆಯ ಪ್ಯಾರಾದಲ್ಲಿ ಹಾಗೆಯೇ ಅಚ್ಚಾಗಿತ್ತು. ಪತ್ರಿಕೆ ವಿಷಾದ ವ್ಯಕ್ತಪಡಿಸಿತು. ಸುದ್ದಿಯನ್ನು ಎಐನಿಂದ ತಿದ್ದಿಸಿದ್ದು ತನ್ನದೇ ಎಐ ನೀತಿಯ ಉಲ್ಲಂಘನೆ ಎಂದೂ ಹೇಳಿಕೊಂಡಿತು. ಅಂದರೆ ಅಲ್ಲಿ ನೀತಿ ಬರೆದಿಟ್ಟಿದ್ದರು. ಆದರೂ ಆ ಸಾಲು ಸುದ್ದಿ ಹಾದುಬರುವ ಅಷ್ಟೂ ಕೈಗಳನ್ನು ದಾಟಿ ಮುದ್ರಣಕ್ಕೆ ಹೋಯಿತು.

ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದಂಥ ಊರುಗಳಲ್ಲಿ ಒಂದು ಪತ್ರಿಕೆಯನ್ನೋ ಯೂಟ್ಯೂಬ್ ಸುದ್ದಿ ವಾಹಿನಿಯನ್ನೋ ನಡೆಸುವವರು ಎಐ ಬಗ್ಗೆ ನಿಯಮ ಮಾಡಿಕೊಳ್ಳಬೇಕು ಎಂದುಕೊಂಡರೆ ಈ ಪ್ರಸಂಗದಿಂದಲೇ ಶುರು ಮಾಡಬಹುದು. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ಸಮಿತಿ, ವಕೀಲರು, ತಾಂತ್ರಿಕ ವಿಭಾಗ ಇರುತ್ತವೆ. ಜಿಲ್ಲಾ ಪತ್ರಿಕೆಯಲ್ಲಿ ಸಂಪಾದಕರು, ಇಬ್ಬರು ಉಪಸಂಪಾದಕರು, ಒಬ್ಬ ಪುಟ ವಿನ್ಯಾಸಕ ಮತ್ತು ತಾಲ್ಲೂಕಿಗೊಬ್ಬರಂತೆ ಅರೆಕಾಲಿಕ ವರದಿಗಾರರು ಇದ್ದರೆ ಅದೇ ದೊಡ್ಡ ಬಳಗ. ಇಷ್ಟೇ ಜನರ ಕೈಯಲ್ಲಿ, ರಾತ್ರಿ ಒಂಬತ್ತರ ಗಡಿಬಿಡಿಯಲ್ಲೂ ನಡೆಯುವಂಥ ನಿಯಮ ಬೇಕು. ಅದನ್ನು ಕಟ್ಟುವ ಕ್ರಮ ಇಲ್ಲಿದೆ.

ಮೊದಲು ಹೊಣೆಯ ಸಾಲು

ಪತ್ರಿಕೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿರುತ್ತದೆ. 1867ರ ಹಳೆಯ ಕಾಯ್ದೆಯ ಜಾಗದಲ್ಲಿ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಕಾಯ್ದೆ ಬದಲಾದರೂ, ತಪ್ಪು ಸುದ್ದಿಗೆ ವಕೀಲರ ನೋಟಿಸ್ ಬಂದಾಗ ಲಕೋಟೆಯ ಮೇಲೆ ಇರುವುದು ಆ ಹೆಸರುಗಳೇ. ಸುದ್ದಿಯನ್ನು ಯಂತ್ರ ಬರೆದಿತ್ತು ಎಂದು ಉತ್ತರ ಕೊಟ್ಟರೆ ಹೊಣೆ ಯಂತ್ರಕ್ಕೆ ದಾಟುವುದಿಲ್ಲ.

ಹಾಗಾಗಿ ನಿಯಮದ ಮೊದಲ ಸಾಲನ್ನು ಹೀಗೆ ಬರೆಯಿರಿ: ‘ಎಐ ಕೊಟ್ಟ ಪಠ್ಯ, ಅಂಕಿ, ಅನುವಾದ, ಚಿತ್ರ, ಧ್ವನಿ ಎಲ್ಲವೂ ಪರಿಶೀಲಿಸದ ಸಾಮಗ್ರಿ. ಪರಿಶೀಲಿಸಿದವರ ಹೆಸರು ಬೀಳದೆ ಅದು ಪುಟಕ್ಕೆ ಹೋಗುವುದಿಲ್ಲ.’ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ (ಎಪಿ) 2023ರ ಆಗಸ್ಟ್‌ನಲ್ಲಿ ತನ್ನ ಸಿಬ್ಬಂದಿಗೆ ಕೊಟ್ಟ ಸೂಚನೆಯ ತಿರುಳೂ ಇದೇ. ಎಪಿ ಯಂತ್ರಕ್ಕೆ ಹೊಸದಾಗಿ ಹೆದರಿದ ಸಂಸ್ಥೆಯೇನಲ್ಲ, ಕಂಪನಿಗಳ ತ್ರೈಮಾಸಿಕ ಲೆಕ್ಕದ ಸುದ್ದಿಗಳನ್ನು 2014ರಿಂದಲೇ ಯಂತ್ರದಿಂದ ಬರೆಸುತ್ತಿದೆ. ಅದೇ ವರ್ಷ, 2023ರ ನವೆಂಬರ್ 10ರಂದು, ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ ಮುಂದಾಳಾಗಿ, ನೊಬೆಲ್ ಪುರಸ್ಕೃತ ಪತ್ರಕರ್ತೆ ಮರಿಯಾ ರೆಸ್ಸಾ ಅಧ್ಯಕ್ಷತೆಯ ಸಮಿತಿ ಎಐ ಮತ್ತು ಪತ್ರಿಕೋದ್ಯಮ ಕುರಿತ ಪ್ಯಾರಿಸ್ ಸನ್ನದನ್ನು ಹೊರತಂದಿತು. ಅದರ ಹತ್ತು ತತ್ವಗಳು ಒಳ್ಳೆಯ ಓದು. ಆದರೆ ಹತ್ತನ್ನೂ ಕನ್ನಡಕ್ಕೆ ಇಳಿಸಿ ಗೋಡೆಗೆ ಅಂಟಿಸಿದ ಮಾತ್ರಕ್ಕೆ ಪುಟ ಸರಿಯಾಗಿ ಹೋಗುವುದಿಲ್ಲ.

ಮೊದಲ ವಾರದ ಪಟ್ಟಿ

ನಿಯಮ ಬರೆಯುವ ಮೊದಲು ಏಳು ದಿನ ಬರೀ ಪಟ್ಟಿ ಮಾಡಿ. ನಮ್ಮಲ್ಲಿ ಎಐ ಬಳಸುವುದಿಲ್ಲ ಎನ್ನುವ ಸುದ್ದಿಮನೆಗಳಲ್ಲೂ ಪಟ್ಟಿ ಉದ್ದ ಬೆಳೆಯುತ್ತದೆ. ಯಾರನ್ನೂ ಗದರಬಾರದು, ಗದರಿದರೆ ಮರುದಿನದಿಂದ ಯಾರೂ ನಿಜ ಹೇಳುವುದಿಲ್ಲ. ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ವಾರ ಯಾವ ಕೆಲಸಕ್ಕೆ, ಯಾವ ಆ್ಯಪ್ ಬಳಸಿದಿರಿ?

ಸಾಮಾನ್ಯವಾಗಿ ಹೊರಬರುವುದು ಇವು. ಇಂಗ್ಲಿಷ್ ಪ್ರಕಟಣೆಯ ಅನುವಾದ, ಭಾಷಣದ ರೆಕಾರ್ಡಿಂಗ್ ಬರಹಕ್ಕಿಳಿಸುವುದು, ಕಾಗುಣಿತ ತಿದ್ದುವುದು, ತಲೆಬರಹ ಕೇಳುವುದು, ವಾಟ್ಸ್‌ಆ್ಯಪ್‌ನೊಳಗಿನ ಮೆಟಾ ಎಐಗೆ ಹಿನ್ನೆಲೆ ಮಾಹಿತಿ ಕೇಳುವುದು, ಯೂಟ್ಯೂಬ್ ವಿಡಿಯೊಗೆ ಕಂಪ್ಯೂಟರ್ ಧ್ವನಿ, ಹಬ್ಬದ ಪುರವಣಿಗೆ ಚಿತ್ರ, ಫೋಟೊದಲ್ಲಿ ಅಡ್ಡ ಬಂದ ಕಂಬವನ್ನು ಅಳಿಸುವುದು, ಮಸುಕಾದ ಸಿಸಿಟಿವಿ ಮುಖವನ್ನು ‘ಕ್ಲಿಯರ್’ ಮಾಡುವುದು. ಕೊನೆಯದು ಪಟ್ಟಿಯಲ್ಲಿ ಕಂಡರೆ ಅವತ್ತೇ ನಿಲ್ಲಿಸಿ. ಮಸುಕು ಚಿತ್ರದಲ್ಲಿ ಇಲ್ಲದ ವಿವರವನ್ನು ಯಾವ ಆ್ಯಪ್ಪೂ ಹೊರತೆಗೆಯಲಾರದು. ಅದು ತನ್ನ ಅಂದಾಜಿನಲ್ಲಿ ಹೊಸ ಮುಖವನ್ನೇ ಬಿಡಿಸುತ್ತದೆ, ಆ ಮುಖ ಪಕ್ಕದ ಬೀದಿಯ ಯಾವನೋ ಹುಡುಗನನ್ನು ಹೋಲಬಹುದು.

ಹೊರಗಿನಿಂದ ಬರುವ ಸಾಮಗ್ರಿಯನ್ನೂ ಪಟ್ಟಿಗೆ ಸೇರಿಸಿ. 2025ರ ಮೇ ತಿಂಗಳಲ್ಲಿ ಷಿಕಾಗೊ ಸನ್-ಟೈಮ್ಸ್ ಪತ್ರಿಕೆಯೊಂದಿಗೆ ಹೋದ ಬೇಸಿಗೆ ಪುರವಣಿಯಲ್ಲಿ ಓದಲೇಬೇಕಾದ 15 ಪುಸ್ತಕಗಳ ಪಟ್ಟಿ ಇತ್ತು. ಅದರಲ್ಲಿ ನಿಜವಾಗಿ ಇದ್ದದ್ದು 5. ಮಿಕ್ಕ ಶೀರ್ಷಿಕೆಗಳನ್ನು ಯಂತ್ರ ನಿಜವಾದ ಲೇಖಕರ ಹೆಸರಿಗೆ ಕಟ್ಟಿತ್ತು. ಪುರವಣಿ ಸಿದ್ಧವಾಗಿದ್ದು ಹೊರಗೆ, ಪತ್ರಿಕೆಗಳಿಗೆ ಸಿದ್ಧ ಲೇಖನ ಒದಗಿಸುವ ಒಂದು ಸಿಂಡಿಕೇಟ್ ಮೂಲಕ. ಓದುಗರು ಕೇಳಿದ್ದು ಪತ್ರಿಕೆಯನ್ನು. ಹೊರಗಿನಿಂದ ಲೇಖನ, ರಾಶಿಫಲ, ಆರೋಗ್ಯ ಅಂಕಣ, ಜಾಹೀರಾತು ಪುಟ ತರಿಸುವ ಎಲ್ಲರಿಗೂ ಇದು ತಟ್ಟುವ ವಿಷಯ.

ಮೂರು ಪಟ್ಟಿಗೆ ಹಂಚುವುದು

ಸಿಕ್ಕ ಬಳಕೆಗಳನ್ನೆಲ್ಲ ಮೂರು ಪಟ್ಟಿಗೆ ಹಂಚಿ: ಕೇಳದೆ ಮಾಡಬಹುದಾದ್ದು, ಎರಡನೆಯವರು ನೋಡಿದ ಮೇಲೆ ಮಾತ್ರ ಪುಟಕ್ಕೆ ಹೋಗುವುದು, ಎಂದೂ ಮಾಡಬಾರದ್ದು. ಯಾವುದು ಎಲ್ಲಿಗೆ ಎಂದು ತೀರ್ಮಾನಿಸಲು ಎರಡು ಪ್ರಶ್ನೆ ಸಾಕು. ತಪ್ಪಾದರೆ ಯಾರಿಗೆ ಪೆಟ್ಟು ಬೀಳುತ್ತದೆ? ಮೂಲ ಕಾಗದವನ್ನೋ ರೆಕಾರ್ಡಿಂಗನ್ನೋ ಕೈಯಲ್ಲಿಟ್ಟುಕೊಂಡು ಆ ತಪ್ಪನ್ನು ನಾವೇ ಕಾಲು ಗಂಟೆಯಲ್ಲಿ ಹಿಡಿಯಬಲ್ಲೆವೆ?

ತಾನೇ ಬರೆದ ಕಾಪಿಯ (ಸುದ್ದಿ ಬರಹದ) ಕಾಗುಣಿತ ನೋಡಿಸುವುದು, ನಾಲ್ಕು ತಲೆಬರಹ ಕೇಳಿ ಐದನೆಯದನ್ನು ತಾನೇ ಬರೆಯುವುದು, ವೆಬ್‌ಸೈಟಿಗೆ ಟ್ಯಾಗ್ ಹಾಕುವುದು ಮೊದಲ ಪಟ್ಟಿಗೆ. ಅನುವಾದ, ಉದ್ದನೆಯ ದಾಖಲೆಯ ಸಾರಾಂಶ, ರೆಕಾರ್ಡಿಂಗ್‌ನಿಂದ ಬರಹ, ಮಾರುಕಟ್ಟೆ ದರದ ಕೋಷ್ಟಕ, ಕಂಪ್ಯೂಟರ್ ಧ್ವನಿ, ಲೇಖನಕ್ಕೆ ಸಾಂಕೇತಿಕ ಚಿತ್ರ ಎರಡನೆಯದಕ್ಕೆ. ಯಾರೂ ಆಡದ ಮಾತನ್ನು ಉದ್ಧರಣೆಯಾಗಿ ಹಾಕುವುದು, ನಡೆದ ಘಟನೆಯ ಫೋಟೊ ಅಥವಾ ವಿಡಿಯೊ ತಿದ್ದುವುದು, ಕೋಮು ಗಲಭೆ ಮತ್ತು ಸಾವುನೋವಿನ ಸುದ್ದಿಯನ್ನು ಯಂತ್ರದಿಂದ ಬರೆಸುವುದು, ಚುನಾವಣಾ ಫಲಿತಾಂಶದ ಅಂಕಿಯನ್ನು ಚಾಟ್‌ಬಾಟ್‌ನಿಂದ ತೆಗೆದುಕೊಳ್ಳುವುದು, ಇಲ್ಲದ ವರದಿಗಾರನ ಹೆಸರಿನಲ್ಲಿ ಬೈಲೈನ್ ಕೊಡುವುದು ಮೂರನೆಯದಕ್ಕೆ.

ಹಿನ್ನೆಲೆ ಮಾಹಿತಿಯನ್ನು ಚಾಟ್‌ಬಾಟ್ ಕೇಳುವುದನ್ನೂ ನಾವು ಎರಡನೆಯ ಪಟ್ಟಿಯಲ್ಲೇ ಇಡುತ್ತೇವೆ, ಅದೂ ಬಿಗಿಯಾಗಿ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಮತ್ತು ಬಿಬಿಸಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ದೇಶಗಳ 22 ಸಾರ್ವಜನಿಕ ಮಾಧ್ಯಮ ಸಂಸ್ಥೆಗಳ ಪತ್ರಕರ್ತರು, ಸುದ್ದಿಯ ಬಗ್ಗೆ ಎಐ ಕೊಟ್ಟ ಉತ್ತರಗಳನ್ನು ಪರೀಕ್ಷಿಸಿದರು. ಶೇ 45ರಷ್ಟು ಉತ್ತರಗಳಲ್ಲಿ ಒಂದಾದರೂ ಗಂಭೀರ ದೋಷವಿತ್ತು. ಚಾಟ್‌ಬಾಟ್ ಹೇಳಿದ್ದು ಸುಳಿವು ಮಾತ್ರ. ಅದು ತೋರಿಸಿದ ಮೂಲವನ್ನು ತೆರೆದು, ಆ ಸಾಲು ಅಲ್ಲಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆ ಆ ಮೂಲವನ್ನೇ ಉಲ್ಲೇಖಿಸಿ.

ಯಂತ್ರಕ್ಕೆ ಏನನ್ನು ಕೊಡಬಾರದು

ಯಂತ್ರದಿಂದ ಹೊರಬರುವುದರ ಮೇಲೆಯೇ ಎಲ್ಲರ ಕಣ್ಣು. ಒಳಗೆ ಹಾಕುವುದರಲ್ಲೂ ಅಷ್ಟೇ ಅಪಾಯವಿದೆ. ಠಾಣೆಯಲ್ಲಿ ಸಿಕ್ಕ ಎಫ್‌ಐಆರ್ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು, ಚಾಟ್‌ಬಾಟ್‌ಗೆ ಹಾಕಿ, ಸುದ್ದಿ ಮಾಡಿಕೊಡು ಎನ್ನುವ ಅಭ್ಯಾಸ ಬೆಳೆಯುತ್ತಿದೆ. ಆ ಪ್ರತಿಯಲ್ಲಿ ದೂರುದಾರರ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಇರುತ್ತದೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಕಲಂ ಸಂತ್ರಸ್ತ ಮಗುವಿನ ಗುರುತು ಬಯಲಾಗುವ ಯಾವುದನ್ನೂ ಮಾಧ್ಯಮ ಪ್ರಕಟಿಸಬಾರದು ಎನ್ನುತ್ತದೆ: ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ, ಅತ್ಯಾಚಾರ ಸಂತ್ರಸ್ತರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಕೂಡ ಗುರುತು ಬಯಲು ಮಾಡುವುದನ್ನು ತಡೆಯುತ್ತವೆ. ಇದನ್ನೆಲ್ಲ ತಿಳಿದ ಉಪಸಂಪಾದಕ ಹೆಸರು ತೆಗೆಯುತ್ತಾನೆ. ಜೊತೆಗೆ ತಂದೆಯ ಕೆಲಸ, ಊರು, ತರಗತಿ ಮೂರೂ ಒಟ್ಟಿಗೆ ಬಂದರೆ ಗುರುತು ಸಿಕ್ಕಿಬಿಡುತ್ತದೆ ಎಂದು ಅರಿತು ಅವುಗಳನ್ನೂ ಸಡಿಲಿಸುತ್ತಾನೆ. ಯಂತ್ರ ಹೆಸರು ತೆಗೆದು, ಸುದ್ದಿ ‘ತುಂಬಿ’ ಕಾಣಲೆಂದು ಮಿಕ್ಕ ಮೂರನ್ನೂ ಉಳಿಸಬಹುದು. ಸಾವಿರ ಜನರ ಊರಿನಲ್ಲಿ ಆ ಮೂರು ಸಾಕು.

ಚಾಟ್‌ಬಾಟ್‌ಗೆ ಕೊಟ್ಟ ಮಾತ್ರಕ್ಕೆ ಪ್ರಕಟಿಸಿದಂತಾಗುವುದಿಲ್ಲ ಎಂದು ಯಾರಾದರೂ ವಾದಿಸಬಹುದು. ಇರಲಿ, ಕಾಗದ ನಮ್ಮ ಕೈಬಿಟ್ಟು ಹೊರಗಿನ ಕಂಪನಿಯೊಂದರ ಸರ್ವರ್ ಸೇರಿದ್ದು ನಿಜ. ಅನೇಕ ಉಚಿತ ಖಾತೆಗಳಲ್ಲಿ, ನಾವು ಸೆಟ್ಟಿಂಗ್ಸ್‌ಗೆ ಹೋಗಿ ಬೇಡವೆನ್ನುವ ತನಕ, ನಾವು ಹಾಕಿದ್ದನ್ನು ಕಂಪನಿ ತನ್ನ ಎಐ ಮಾದರಿಯ ತರಬೇತಿಗೆ ಬಳಸಿಕೊಳ್ಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದಿವೆ. ಹಿಂದಿನ ಕರಡುಗಳಲ್ಲಿ ಪತ್ರಿಕೋದ್ಯಮಕ್ಕೆಂದು ಇದ್ದ ವಿನಾಯಿತಿ ಈ ಕಾಯ್ದೆಯಲ್ಲಿ ಉಳಿದಿಲ್ಲ.

ಆದ್ದರಿಂದ ಬರೆದಿಡಿ: ಎಫ್‌ಐಆರ್, ವೈದ್ಯಕೀಯ ದಾಖಲೆ, ಮಕ್ಕಳ ವಿವರ, ಗುಟ್ಟಾಗಿ ಮಾಹಿತಿ ಕೊಟ್ಟವರ ಸಂದೇಶ ಅಥವಾ ಧ್ವನಿ, ಆಧಾರ್ ಅಥವಾ ಪಡಿತರ ಚೀಟಿ ಕಾಣುವ ಫೋಟೊ ಯಾವ ಎಐ ಆ್ಯಪ್‌ಗೂ ಹೋಗಬಾರದು. ಮಿಕ್ಕ ಕೆಲಸಕ್ಕೆ ಸಂಸ್ಥೆಯ ಹೆಸರಿನಲ್ಲೇ ಒಂದು ಖಾತೆ ತೆರೆದು, ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿ. ಪಾಸ್‌ವರ್ಡ್ ಇಬ್ಬರ ಬಳಿ ಮಾತ್ರ ಇರಲಿ. ವರದಿಗಾರರ ಸ್ವಂತ ಖಾತೆಗಳಲ್ಲಿ ಏನು ಬಿದ್ದಿದೆ ಎಂದು ಆಮೇಲೆ ಹುಡುಕಲಾಗದು.

ಪರಿಶೀಲನೆ ಕೈಯಿಂದಲೇ

ನಿಯಮದ ಜೀವ ಇರುವುದು ಈ ಹಂತದಲ್ಲಿ. ‘ಎಐ ಕಾಪಿಯನ್ನು ಪರಿಶೀಲಿಸಬೇಕು’ ಎಂದಷ್ಟೇ ಬರೆದರೆ ಉಪಸಂಪಾದಕರು ಅದನ್ನು ಓದುತ್ತಾರೆ, ಓದಿದರೆ ನುಣುಪಾಗಿದೆ, ಬಿಡುತ್ತಾರೆ. ಹೇಗೆ ಪರಿಶೀಲಿಸಬೇಕು ಎಂಬುದನ್ನೇ ಬರೆಯಬೇಕು.

ಮೂಲದ ಪ್ರಿಂಟ್ ತೆಗೆದು ಪೆನ್ ಹಿಡಿಯಿರಿ. ಮೂಲದಲ್ಲಿ ಐದು ಬಗೆಯ ಪದಗಳಿಗೆ ಸುತ್ತು ಹಾಕಿ: ಅಂಕಿ, ಹೆಸರು, ದಿನಾಂಕ, ‘ಇಲ್ಲ–ಅಲ್ಲ’ ಎಂಬ ನಿಷೇಧ, ‘ಎನ್ನಲಾಗಿದೆ–ಆರೋಪಿಸಿದ್ದಾರೆ–ದೂರು ಬಂದಿದೆ’ ಎಂಬ ತಡೆಮಾತು. ಆಮೇಲೆ ಯಂತ್ರದ ಕಾಪಿಯಲ್ಲಿ ಒಂದೊಂದನ್ನೂ ಹುಡುಕಿ ಟಿಕ್ ಹಾಕಿ. ಮೂಲದಿಂದ ಕಾಪಿಯ ಕಡೆಗೇ ಹೋಗಬೇಕು. ಕಾಪಿಯಿಂದ ಶುರು ಮಾಡಿದರೆ ಬಿಟ್ಟುಹೋದದ್ದು ಕಣ್ಣಿಗೆ ಬೀಳುವುದೇ ಇಲ್ಲ. 400 ಪದದ ಪ್ರಕಟಣೆಗೆ ಹತ್ತು–ಹದಿನೈದು ನಿಮಿಷ ಹಿಡಿಯುತ್ತದೆ. ಅನುವಾದ ಅರ್ಧ ನಿಮಿಷದಲ್ಲಿ ಬಂದರೂ ಈ ಹದಿನೈದು ನಿಮಿಷವನ್ನು ವೇಳಾಪಟ್ಟಿಯಲ್ಲಿ ಕಾದಿರಿಸಿ, ಇಲ್ಲದಿದ್ದರೆ ಮೊದಲು ಕತ್ತರಿ ಬೀಳುವುದು ಇದಕ್ಕೇ.

ತಡೆಮಾತು ಹೇಗೆ ಜಾರುತ್ತದೆ ನೋಡಿ. ಪ್ರಕಟಣೆಯಲ್ಲಿ ಹೀಗಿದೆ ಎಂದುಕೊಳ್ಳಿ: ‘ಕೆರೆ ಅಂಗಳ ಒತ್ತುವರಿಯಾಗಿದೆ ಎಂದು ಗ್ರಾಮಸ್ಥರಿಂದ ದೂರು ಬಂದಿದ್ದು, ಸರ್ವೆ ನಡೆಸಿ ವರದಿ ನೀಡುವಂತೆ ತಹಶೀಲ್ದಾರರಿಗೆ ಸೂಚಿಸಲಾಗಿದೆ.’ ಯಂತ್ರ ಕೊಡುವ ಸಾರಾಂಶ: ‘ಕೆರೆ ಒತ್ತುವರಿ: ಕ್ರಮಕ್ಕೆ ತಹಶೀಲ್ದಾರ್‌ಗೆ ಸೂಚನೆ.’ ಎಂಟೂ ಪದ ಇಲ್ಲದ ಸಾಲಿನಲ್ಲಿ ಎರಡು ತಪ್ಪು. ದೂರು ಸಂಗತಿಯಾಗಿಬಿಟ್ಟಿದೆ, ಸರ್ವೆ ಕ್ರಮವಾಗಿಬಿಟ್ಟಿದೆ. ಕೆರೆ ಪಕ್ಕದ ಜಮೀನಿನವನು ಮರುದಿನ ಬೆಳಿಗ್ಗೆ ಪತ್ರಿಕೆ ಹಿಡಿದು ಬಂದು, ‘ನಾನು ಒತ್ತುವರಿ ಮಾಡಿದೀನಿ ಅಂತ ಯಾರು ಹೇಳಿದ್ರು ಸಾರ್?’ ಎಂದರೆ ಉತ್ತರವಿಲ್ಲ. ಕನ್ನಡದಲ್ಲಿ ತಡೆಮಾತು ವಾಕ್ಯದ ಬಾಲದಲ್ಲಿರುತ್ತದೆ, ಸಾರಾಂಶ ಮೊಟಕು ಮಾಡುವಾಗ ಮೊದಲು ಹೋಗುವುದೂ ಬಾಲವೇ. ಅಪರಾಧ ಸುದ್ದಿಯಲ್ಲಿ ಆರೋಪಿ ಅಪರಾಧಿಯಾಗುವುದೂ ಹೀಗೆಯೇ.

ಅನುವಾದದಲ್ಲಿ ನಮ್ಮ ಕಡೆಗೇ ವಿಶೇಷವಾದ ಗುಂಡಿಗಳಿವೆ. ನೀರಾವರಿ ಇಲಾಖೆಯ ಇಂಗ್ಲಿಷ್ ಕಾಗದದಲ್ಲಿ ಟ್ಯಾಂಕ್ ಎಂದರೆ ಕೆರೆ. ಯಂತ್ರ ಅದನ್ನು ನೀರಿನ ತೊಟ್ಟಿಯನ್ನಾಗಿಸಬಹುದು. ಸ್ಯಾಂಕ್ಷನ್ ಎಂಬುದು ಒಂದು ಕಡೆ ಮಂಜೂರಾತಿ, ಇನ್ನೊಂದು ಕಡೆ ವಿಚಾರಣೆಗೆ ಅನುಮತಿ, ಮತ್ತೊಂದು ಕಡೆ ನಿರ್ಬಂಧ. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ಇಲ್ಲಿ ಒಂದು ಸೊನ್ನೆ ಜಾರಿದರೂ ಯೋಜನೆಯ ಗಾತ್ರವೇ ಬದಲಾಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕಡೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ಸುದ್ದಿಯಲ್ಲಂತೂ ‘ಎರಡನೇ ಹಂತದಲ್ಲಿ ಸಂಸ್ಕರಿಸಿದ’ ಎಂಬ ಮಾತನ್ನು ಉದ್ದವಾಯಿತೆಂದು ಯಂತ್ರ ಬಿಟ್ಟರೆ ಸುದ್ದಿಯೇ ಸತ್ತಂತೆ. ಮೂರನೇ ಹಂತದ ಸಂಸ್ಕರಣೆ ಬೇಕು ಎಂಬುದೇ ಕೋಲಾರ, ಚಿಕ್ಕಬಳ್ಳಾಪುರದ ಹೋರಾಟಗಾರರ ಬೇಡಿಕೆ. ಇಂಥ ಪದಗಳದ್ದು ಒಂದು ಪುಟದ ಪಟ್ಟಿ ಮಾಡಿ, ಇಂಗ್ಲಿಷ್ ಪದ, ಇಲ್ಲಿ ಅದಕ್ಕಿರುವ ಅರ್ಥ, ಊರಿನ ಹೆಸರುಗಳ ಸರಿಯಾದ ಬರಹ ಸೇರಿಸಿ, ಪ್ರತಿ ಸಲ ಅನುವಾದ ಕೇಳುವಾಗ ಅದನ್ನೂ ಜೊತೆಗೆ ಕೊಡಿ. ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಮಾರುಕಟ್ಟೆ ದರಕ್ಕೆ ಬೇರೆಯೇ ಎಚ್ಚರ ಬೇಕು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನಡೆಯುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ತಿಪಟೂರಿನ ಕೊಬ್ಬರಿ ಕ್ವಿಂಟಲ್ ಲೆಕ್ಕ, ಶಿಡ್ಲಘಟ್ಟದ ರೇಷ್ಮೆಗೂಡು ಕೆ.ಜಿ. ಲೆಕ್ಕ. ಬಾಕ್ಸಿಗೆ 600 ರೂಪಾಯಿ ಎಂದರೆ ಕೆ.ಜಿ.ಗೆ 40, ಕ್ವಿಂಟಲ್‌ಗೆ 4,000. ದರಪಟ್ಟಿಯ ಫೋಟೊ ಕೊಟ್ಟು ಕೋಷ್ಟಕ ಮಾಡಿಸಿದಾಗ ಘಟಕ ಮಾಯವಾಗಿ ಬರೀ 600 ಉಳಿಯಬಹುದು, ಇಲ್ಲವೇ ಮೂರೂ ಬೆಳೆ ಒಂದೇ ಘಟಕಕ್ಕೆ ಸೇರಬಹುದು. ನೋಡಿದ ಕೂಡಲೇ ಗೊತ್ತಾಗುತ್ತದೆ ಎಂದು ನಂಬಿ ಕೂರುವಂತಿಲ್ಲ: 2023ರ ಜುಲೈನಲ್ಲಿ ಬಾಕ್ಸ್ ದರ 2,000 ರೂಪಾಯಿ ದಾಟಿತ್ತು, ಆಗ ವಿಚಿತ್ರವಾಗಿ ಕಂಡ ಅಂಕಿಯೇ ನಿಜವಾಗಿತ್ತು. ಪ್ರತಿ ಸಾಲಿನಲ್ಲೂ ಘಟಕ ಬರೆಸಿ, ಕನಿಷ್ಠ–ಗರಿಷ್ಠ–ಸರಾಸರಿ ಮೂರನ್ನೂ ಮೂಲ ಹಾಳೆಯೊಂದಿಗೆ ಬೆರಳಿಟ್ಟು ಹೋಲಿಸಿ, ನಿನ್ನೆಯ ದರದ ಪಕ್ಕದಲ್ಲಿಟ್ಟು ನೋಡಿ. ಅರ್ಧದಷ್ಟಾಗಿದ್ದರೆ ಅಥವಾ ಎರಡರಷ್ಟಾಗಿದ್ದರೆ ಮಂಡಿಗೆ ಫೋನ್ ಮಾಡಿ. ಆ ದರ ನೋಡಿಕೊಂಡೇ ರೈತ ಇವತ್ತು ಕೊಯ್ಯಬೇಕೋ ನಾಳೆಯೋ ಎಂದು ತೀರ್ಮಾನಿಸುತ್ತಾನೆ.

ರೆಕಾರ್ಡಿಂಗ್‌ನಿಂದ ಬರಹ ಮಾಡಿಸುವುದು ಸಮಯ ಉಳಿಸುವ ಒಳ್ಳೆಯ ಬಳಕೆ. ಆದರೆ ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಮಾತು ಒಂದೇ ಭಾಷೆಯಲ್ಲಿ ನಿಲ್ಲುವುದಿಲ್ಲ. ‘ವಾನಲು ಲೇವು ಸಾರ್, ಬೋರು ಎಂಡಿಪೋಯಿಂದಿ, ಈಗ ಟ್ಯಾಂಕರ್ ನೀರು ಹಾಕ್ತಾ ಇದೀವಿ’ ಎಂದು ಒಂದೇ ಉಸಿರಿನಲ್ಲಿ ರೈತ ಹೇಳಿದರೆ, ಕನ್ನಡಕ್ಕೆಂದು ಹೊಂದಿಸಿದ ಆ್ಯಪ್ ತೆಲುಗಿನ ಭಾಗವನ್ನು ಬಿಡಬಹುದು, ಅಥವಾ ಆ ಸದ್ದಿಗೆ ಹತ್ತಿರದ ಯಾವುದೋ ಕನ್ನಡ ಪದ ಜೋಡಿಸಬಹುದು. ಮಳೆಯಿಲ್ಲ, ಬೋರ್ ಬತ್ತಿದೆ ಎಂಬ ಸುದ್ದಿಯ ಮುಖ್ಯ ಮಾತೇ ಹೋಗಿ ಟ್ಯಾಂಕರ್ ಮಾತ್ರ ಉಳಿಯುತ್ತದೆ. ಮಾತಿನ ನಡುವೆ ಮೌನ ಬಂದ ಕಡೆಯೂ ಎಚ್ಚರ. ಓಪನ್‌ಎಐನ ವಿಸ್ಪರ್ ತಂತ್ರಾಂಶದ ಮೇಲೆ 2024ರಲ್ಲಿ ಪ್ರಕಟವಾದ ಅಧ್ಯಯನ, ಇಂಗ್ಲಿಷ್ ಧ್ವನಿ ತುಣುಕುಗಳಲ್ಲೇ ಸುಮಾರು ಶೇ 1ರಲ್ಲಿ ಯಾರೂ ಆಡದ ವಾಕ್ಯಗಳು ಸೇರಿಕೊಂಡಿದ್ದನ್ನು ತೋರಿಸಿತು. ನಿಯಮ ಸರಳ: ಉದ್ಧರಣ ಚಿಹ್ನೆಯೊಳಗೆ ಹೋಗುವ ಪ್ರತಿ ಮಾತನ್ನೂ ಆ ನಿಮಿಷಕ್ಕೆ ಹೋಗಿ ಕಿವಿಯಿಂದ ಕೇಳಬೇಕು, ಕಾಪಿಯಲ್ಲಿ ಪಕ್ಕಕ್ಕೆ ನಿಮಿಷ–ಸೆಕೆಂಡ್ ಬರೆಯಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ದಿನವೂ ಕಾಡುವುದು. ಪುಟ ಕಟ್ಟುವುದು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಾದರೆ, ಚಾಟ್‌ಬಾಟ್ ಕೊಡುವುದು ಮೊಬೈಲ್, ವೆಬ್‌ಗಳಲ್ಲಿ ಬಳಸುವ ಯೂನಿಕೋಡ್ ಅಕ್ಷರ. ಪರಿವರ್ತಿಸುವಾಗ ಅರ್ಕಾವತ್ತು, ‘ಆ್ಯ’, ಉದ್ಧರಣ ಚಿಹ್ನೆ, ರೂಪಾಯಿ ಚಿಹ್ನೆ ಕೆಡಬಹುದು. ಆದ್ದರಿಂದ ಕೊನೆಯ ಪ್ರೂಫ್ ನೋಡುವುದು ಪರಿವರ್ತನೆಯ ನಂತರ, ಪುಟದ ಮೇಲೆಯೇ. ಅದೇ ಹೊತ್ತಿಗೆ ಪ್ರತಿ ಸುದ್ದಿಯ ಮೊದಲ ಮತ್ತು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ. ಚಾಟ್‌ಬಾಟ್‌ನ ‘ಖಂಡಿತ, ಇಲ್ಲಿದೆ ನಿಮ್ಮ ವರದಿ’ ಮತ್ತು ‘ಇನ್ನೇನಾದರೂ ಬೇಕೆ’ ಎಂಬ ಮಾತುಗಳು ಕೂರುವುದು ಆ ಎರಡು ಜಾಗದಲ್ಲೇ. ಎಂಟು ಪುಟಕ್ಕೆ ಐದು ನಿಮಿಷದ ಕೆಲಸ.

ಚಿತ್ರ, ಧ್ವನಿ

ನಡೆದ ಘಟನೆಯ ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ಅಳಿಸಬಾರದು. ಬೆಳಕು ಹೊಂದಿಸುವುದು, ಅಂಚು ಕತ್ತರಿಸುವುದು, ಸಂತ್ರಸ್ತರ ಮುಖ ಮಸುಕು ಮಾಡುವುದು ಸರಿ. ಎಪಿಯ ನಿಯಮವೂ ಫೋಟೊ, ವಿಡಿಯೊ, ಧ್ವನಿಯನ್ನು ಎಐನಿಂದ ಬದಲಿಸಬಾರದು ಎಂದೇ ಹೇಳುತ್ತದೆ. ಲೇಖನಕ್ಕೆ ಎಐ ಚಿತ್ರ ಬೇಕೇ ಬೇಕೆಂದರೆ ಅದು ಫೋಟೊ ಹಾಗೆ ಕಾಣದೆ ರೇಖಾಚಿತ್ರದಂತೆ ಕಾಣಲಿ, ನಿಜವಾದ ವ್ಯಕ್ತಿಯ ಮುಖ ಬೇಡ. ಅಪಘಾತ, ಬೆಂಕಿ, ಪ್ರವಾಹದ ಸುದ್ದಿಗೆ ಸಾಂಕೇತಿಕ ಚಿತ್ರವೂ ಬೇಡ, ಅದು ವಾಟ್ಸ್‌ಆ್ಯಪ್‌ನಲ್ಲಿ ಶೀರ್ಷಿಕೆ ಕಳಚಿಕೊಂಡು ನಿಜದ ಚಿತ್ರವಾಗಿ ತಿರುಗುತ್ತದೆ.

ಕಂಪ್ಯೂಟರ್ ಧ್ವನಿಗೆ ಕೊಡುವ ಬರಹದಲ್ಲಿ ಗ್ರಾ.ಪಂ., ಜಿ.ಪಂ., ಕಿ.ಮೀ. ಎಂಬ ಸಂಕ್ಷಿಪ್ತಗಳನ್ನು ಬಿಡಿಸಿ ಬರೆಯಿರಿ, ದೊಡ್ಡ ಅಂಕಿಗಳನ್ನು ಅಕ್ಷರದಲ್ಲಿ ಬರೆಯಿರಿ. ಪೂರ್ತಿ ಒಮ್ಮೆ ಕೇಳದೆ ಅಪ್‌ಲೋಡ್ ಬೇಡ. ನಿಮ್ಮ ನಿರೂಪಕಿಯ ಧ್ವನಿಯನ್ನೇ ನಕಲು ಮಾಡುವುದಾದರೆ ಲಿಖಿತ ಒಪ್ಪಿಗೆ ಬೇಕು. ಎಷ್ಟು ದಿನ, ಯಾವ ಕಾರ್ಯಕ್ರಮಕ್ಕೆ, ಕೆಲಸ ಬಿಟ್ಟ ಮೇಲೆ ಆ ಧ್ವನಿ ಅಳಿಸಬೇಕೆ ಎಂಬುದೆಲ್ಲ ಅದರಲ್ಲಿರಲಿ.

ಓದುಗರಿಗೆ ಯಾವಾಗ ಹೇಳಬೇಕು

ಕಾಗುಣಿತ ನೋಡಿಸಿದ್ದಕ್ಕೆ ಸೂಚನೆ ಬೇಡ. ಓದುಗರು ನೋಡುತ್ತಿರುವ ಅಥವಾ ಕೇಳುತ್ತಿರುವ ವಸ್ತುವನ್ನೇ ಯಂತ್ರ ಮಾಡಿದ್ದರೆ ಹೇಳಲೇಬೇಕು. ಸಿದ್ಧ ಸಾಲುಗಳು: ‘ಎಐ ರಚಿತ ಸಾಂಕೇತಿಕ ಚಿತ್ರ’, ‘ಈ ವಿಡಿಯೊದ ಧ್ವನಿ ಕಂಪ್ಯೂಟರ್ ಸೃಷ್ಟಿಸಿದ್ದು’, ‘ಇಂಗ್ಲಿಷ್ ವರದಿಯನ್ನು ಎಐ ನೆರವಿನಿಂದ ಅನುವಾದಿಸಿ, ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ’. ಕೊನೆಯ ಸಾಲನ್ನು ನಿಜವಾಗಿ ಹೋಲಿಸಿದ ದಿನ ಮಾತ್ರ ಹಾಕಿ. ನಿಜವೆಂಬಂತೆ ಕಾಣುವ ಕೃತಕ ವಿಡಿಯೊ ಹಾಕುವವರು ಅದನ್ನು ತಿಳಿಸಬೇಕು ಎಂದು ಯೂಟ್ಯೂಬ್ 2024ರಿಂದಲೇ ಕೇಳುತ್ತಿದೆ. ಕೇಂದ್ರ ಸರ್ಕಾರ 2026ರ ಫೆಬ್ರವರಿಯಲ್ಲಿ ಐಟಿ ನಿಯಮಗಳಿಗೆ ತಂದ ತಿದ್ದುಪಡಿಯೂ ಕೃತಕ ದೃಶ್ಯ–ಧ್ವನಿಗೆ ಗುರುತು ಹಾಕುವುದನ್ನು ಜಾಲತಾಣಗಳ ಮೇಲೆ ಹೊರಿಸಿದೆ. ಅಪ್‌ಲೋಡ್ ಮಾಡುವವರು ಯಾರೋ ಅವರೇ ಆ ಗುರುತಿಗೂ ಹೊಣೆ ಎಂದು ನಿಯಮದಲ್ಲಿ ಹೆಸರು ಬರೆಯಿರಿ.

ತಾಲ್ಲೂಕು ವರದಿಗಾರರು

ಸುದ್ದಿಗೆ ಇಷ್ಟು ಎಂದು ಸಂಭಾವನೆ ಪಡೆಯುವವರಿಗೆ ಒಂದು ಪ್ರಕಟಣೆಯಿಂದ ಮೂರು ಸುದ್ದಿ ಮಾಡಿಕೊಡುವ ಯಂತ್ರ ಸಿಕ್ಕಿದೆ. ಅವರನ್ನು ದೂರಿ ಫಲವಿಲ್ಲ, ಆ ಸಂಭಾವನೆ ಪೆಟ್ರೋಲಿಗೂ ಸಾಲದು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಎಐ ಪತ್ತೆ ಮಾಡುತ್ತೇವೆ ಎನ್ನುವ ಆ್ಯಪ್‌ಗಳನ್ನು ಅವರ ಮೇಲೆ ಬಿಡಬೇಡಿ. ಅವು ಮನುಷ್ಯ ಬರೆದದ್ದನ್ನೂ ಯಂತ್ರದ್ದೆನ್ನುತ್ತವೆ, ಕನ್ನಡದಲ್ಲಿ ಅವನ್ನು ನಂಬುವುದು ಇನ್ನೂ ಕಷ್ಟ. ಸುಳ್ಳು ಆಪಾದನೆಯಿಂದ ಹತ್ತು ವರ್ಷದ ನಂಟು ಒಂದೇ ದಿನ ಕಡಿದುಹೋದೀತು. ಅದರ ಬದಲು ಸುದ್ದಿಯ ಜೊತೆ ಮೂಲ ಕೇಳಿ: ಟಿಪ್ಪಣಿ ಪುಸ್ತಕದ ಫೋಟೊ, ರೆಕಾರ್ಡಿಂಗ್, ಪ್ರಕಟಣೆಯ ಪ್ರತಿ. ಮೂಲ ಬಂದರೆ ಸುದ್ದಿ ಹೋಗುತ್ತದೆ. ನಿಯಮವನ್ನು ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಿದರೆ ಯಾರೂ ತೆರೆಯುವುದಿಲ್ಲ, ಒಬ್ಬೊಬ್ಬರಿಗೂ ಫೋನ್ ಮಾಡಿ ಓದಿ ಹೇಳಿ.

ದಾಖಲೆ ಪುಸ್ತಕ, ತಿದ್ದುಪಡಿ

ಡೆಸ್ಕಿನ ಮೇಲೆ ಒಂದು ಗೆರೆ ಹಾಕಿದ ಪುಸ್ತಕ ಇಡಿ. ಆರು ಕಾಲಂ: ದಿನಾಂಕ, ಪುಟ ಮತ್ತು ಸುದ್ದಿ, ಯಾವ ಆ್ಯಪ್, ಯಾವ ಕೆಲಸಕ್ಕೆ, ಯಾರು ಪರಿಶೀಲಿಸಿದರು, ಏನು ತಪ್ಪು ಸಿಕ್ಕಿತು. ಎರಡನೆಯ ಪಟ್ಟಿಯ ಬಳಕೆಗೆ ಮಾತ್ರ ಒಂದು ಸಾಲು. ಕೊನೆಯ ಕಾಲಂ ದಿನಗಟ್ಟಲೆ ಖಾಲಿ ಇದ್ದರೆ ಖುಷಿಪಡಬೇಡಿ, ಯಾರೂ ನೋಡುತ್ತಿಲ್ಲ ಎಂದೇ ಅನುಮಾನಿಸಿ. ಮಾನಹಾನಿಗೆ ಸಿವಿಲ್ ದಾವೆ ಹೂಡಲು 1 ವರ್ಷ, ಕ್ರಿಮಿನಲ್ ದೂರಿಗೆ 3 ವರ್ಷದ ಕಾಲಮಿತಿ ಇರುವುದರಿಂದ ಈ ಪುಸ್ತಕವನ್ನೂ ಮೂಲ ಸಾಮಗ್ರಿಯನ್ನೂ ಮೂರು ವರ್ಷ ತೆಗೆದಿಡಿ.

ತಪ್ಪು ಅಚ್ಚಾದರೆ ಮೊದಲು ಪುಟದ ಮತ್ತು ವೆಬ್ ಪ್ರತಿಯ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಆನ್‌ಲೈನ್‌ನಲ್ಲಿ ತಿದ್ದಿ ತಿದ್ದಿದ್ದನ್ನು ಬರೆಯಿರಿ, ನೊಂದವರಿಗೆ ಸಂಪಾದಕರೇ ಫೋನ್ ಮಾಡಲಿ, ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಬರಲಿ. ‘ತಾಂತ್ರಿಕ ದೋಷದಿಂದ’ ಎಂಬ ಹಳೆಯ ಮಾತು ಇಲ್ಲಿ ಬೇಡ. ‘ಎಐ ಅನುವಾದವನ್ನು ಮೂಲದೊಂದಿಗೆ ಹೋಲಿಸದೆ ಪ್ರಕಟಿಸಿದ್ದರಿಂದ ತಪ್ಪಾಗಿದೆ’ ಎಂದು ಬರೆಯಿರಿ. ಅಮೆರಿಕದ ಸಿನೆಟ್ ಜಾಲತಾಣ ಎಐನಿಂದ ಬರೆಸಿದ 77 ಲೇಖನಗಳನ್ನು 2023ರ ಜನವರಿಯಲ್ಲಿ ಮರುಪರಿಶೀಲಿಸಿ 41ಕ್ಕೆ ತಿದ್ದುಪಡಿ ಹಾಕಿತು. ಹಣಕಾಸಿನ ಲೇಖನಗಳವು, ಚಕ್ರಬಡ್ಡಿಯ ಲೆಕ್ಕವೇ ತಪ್ಪಿತ್ತು. ಹೊರಗಿನವರು ಎತ್ತಿ ತೋರಿಸಿದ ಮೇಲೆ ನಡೆದ ಪರಿಶೀಲನೆ ಅದು.

ಮೂರು ತಿಂಗಳಿಗೊಮ್ಮೆ

ಒಂದು ಶನಿವಾರ ಮಧ್ಯಾಹ್ನ ದಾಖಲೆ ಪುಸ್ತಕ ತೆರೆದು, ಕಣ್ಣುಮುಚ್ಚಿ ಹತ್ತು ಸುದ್ದಿ ಆರಿಸಿ. ಪ್ರತಿಯೊಂದರ ಮೂಲ ಕಾಗದ ಅಥವಾ ರೆಕಾರ್ಡಿಂಗ್ ಹುಡುಕಿ, ಸುತ್ತು ಹಾಕಿ, ಟಿಕ್ ಹಾಕಿ ಮತ್ತೆ ಹೋಲಿಸಿ. ಅಚ್ಚಾದ ಸುದ್ದಿಯನ್ನು ಮೊದಲು ಪರಿಶೀಲಿಸಿದವರು ಈಗ ಪರಿಶೀಲಿಸಬಾರದು. ಹತ್ತರಲ್ಲಿ ಎರಡಕ್ಕೆ ಮೂಲವೇ ಸಿಗದಿದ್ದರೆ, ಅಥವಾ ಒಂದರಲ್ಲಾದರೂ ತಡೆಮಾತು ಬಿದ್ದುಹೋಗಿ ಯಾರದೋ ಮೇಲೆ ಆರೋಪ ಸಂಗತಿಯಾಗಿ ಕೂತಿದ್ದರೆ, ಆ ಬಳಕೆಯನ್ನು ಸೋಮವಾರದಿಂದಲೇ ಮೂರನೆಯ ಪಟ್ಟಿಗೆ ಸರಿಸಿ, ತಿದ್ದುಪಡಿಯನ್ನು ಭಾನುವಾರದ ಪುಟಕ್ಕೇ ಬರೆಯಿರಿ.